ಸೂಜಿಯೋ, ಸೂಜಿ ಚುಚ್ಚುವ ಅರ್ಧ ಗಂಟೆಯೋ?

ಆಕ್ಯುಪಂಕ್ಚರ್‌ನಿಂದ ಸೊಂಟನೋವು ಕಡಿಮೆಯಾಯಿತು ಎನ್ನುವವರ ಮಾತನ್ನು ನಾನು ಅನುಮಾನಿಸುವುದಿಲ್ಲ. ನೋವು ತಿನ್ನುವವನಿಗೆ ಶಮನವೇ ಪ್ರಮಾಣ. ಆದರೆ ವಿಮಾ ನಿಧಿಯಿಂದ ಅದರ ಶುಲ್ಕ ಭರಿಸಬೇಕೆಂದಾಗ, ಯಾವುದಕ್ಕಾಗಿ ಹಣ ಕೊಡುತ್ತಿದ್ದೇವೆ ಎಂದು ಕೇಳಲೇಬೇಕಾಗುತ್ತದೆ. ಜರ್ಮನಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು.

2007ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ 1,162 ರೋಗಿಗಳಿದ್ದರು. ಸರಾಸರಿ ಎಂಟು ವರ್ಷಗಳಿಂದ ಸೊಂಟನೋವು ಅನುಭವಿಸುತ್ತಿದ್ದವರು. ಮೊದಲ ಗುಂಪಿಗೆ ಚೀನೀ ಪದ್ಧತಿ ಹೇಳುವ ಬಿಂದುಗಳಲ್ಲೇ ಸೂಜಿ ಚುಚ್ಚಲಾಯಿತು. ಎರಡನೆಯದಕ್ಕೆ ಆ ಬಿಂದುಗಳನ್ನು ತಪ್ಪಿಸಿ, ಚರ್ಮದ ಮೇಲ್ಪದರದಲ್ಲಷ್ಟೇ ಚುಚ್ಚುವ ಹುಸಿ ಚಿಕಿತ್ಸೆ. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ಗಣನೀಯ ಸುಧಾರಣೆ ಕಂಡವರು ಕ್ರಮವಾಗಿ ಶೇ 47.6, ಶೇ 44.2 ಮತ್ತು ಶೇ 27.4.

ಸೂಜಿ ಎಲ್ಲಿ ಚುಚ್ಚಿದರು ಎಂಬುದು ಹೆಚ್ಚೇನೂ ಮುಖ್ಯವಾಗಲಿಲ್ಲ, ಚುಚ್ಚಿಸಿಕೊಂಡದ್ದು ಮುಖ್ಯವಾಯಿತು. ಇಷ್ಟಕ್ಕೇ ಇದನ್ನು ಬರಿಯ ಭ್ರಮೆ ಎನ್ನುವುದು ಆತುರವಾದೀತು. ಮೇಲ್ಪದರದ ಚುಚ್ಚುವಿಕೆಯೂ ನರಗಳ ಮೇಲೆ ಪರಿಣಾಮ ಬೀರಬಲ್ಲದು. ಜೊತೆಗೆ, ಸೂಜಿಯ ಆಸೆಯಿಂದ ಬಂದು ಮಾತ್ರೆಯ ಗುಂಪಿಗೆ ಸೇರಿದವರ ನಿರಾಸೆಯೂ ಆ ಮೂರನೆಯ ಅಂಕಿಯಲ್ಲಿ ಅಡಗಿರಬಹುದು.

ದೀರ್ಘಕಾಲೀನ ಪರಿಣಾಮದ ಚಿತ್ರ ಇನ್ನೂ ಕುತೂಹಲಕರ. ಹಲವು ಪ್ರಯೋಗಗಳ ದತ್ತಾಂಶ ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯ ಅಂದಾಜಿನಂತೆ, ಸೂಜಿ ಚಿಕಿತ್ಸೆಯನ್ನೇ ಪಡೆಯದವರಿಗೆ ಹೋಲಿಸಿದಾಗ ಕಂಡ ಲಾಭದ ಸುಮಾರು ಶೇ 90 ಭಾಗ ಒಂದು ವರ್ಷದ ನಂತರವೂ ಉಳಿಯುತ್ತದೆ. ಹುಸಿ ಚಿಕಿತ್ಸೆಗೆ ಹೋಲಿಸಿದಾಗ ಮೊದಲೇ ಅಲ್ಪವಾಗಿದ್ದ ಅಂತರ ಮಾತ್ರ ಅರ್ಧಕ್ಕಿಳಿಯುತ್ತದೆ. ಅಂದರೆ ಬಾಳಿಕೆ ಬರುವುದು ಬಿಂದುಗಳ ಶಾಸ್ತ್ರವಲ್ಲ.

ಜರ್ಮನಿ 2007ರಿಂದ ದೀರ್ಘಕಾಲದ ಸೊಂಟನೋವು ಹಾಗೂ ಮಂಡಿನೋವಿಗೆ ಈ ಚಿಕಿತ್ಸೆಯನ್ನು ವಿಮೆಯ ವ್ಯಾಪ್ತಿಗೆ ತಂದಿತು. ಅದು ತಪ್ಪೆಂದು ನನಗನ್ನಿಸದು. ನನ್ನನ್ನು ಕಾಡುವುದು ಮೂರನೆಯ ಗುಂಪು. ವಾರಕ್ಕೆರಡು ಬಾರಿ, ಅರ್ಧ ಗಂಟೆಯಂತೆ, ಒಟ್ಟು ಹತ್ತು ಸಲ ಒಬ್ಬ ವೈದ್ಯರು ನೋವಿನ ಕಡೆಗೇ ಗಮನವಿಡುವುದು ಸೂಜಿಯ ಗುಂಪುಗಳ ಪಾಲಿಗೆ ಬಂದ ಭಾಗ್ಯ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಸರದಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ. ಚೀಟಿ ಬರೆಯಲು ಮೂರು ನಿಮಿಷ. ಕೇಂದ್ರ ಸರ್ಕಾರ 2019ರಲ್ಲಿ ಆಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿತು. ಆ ಅರ್ಧ ಗಂಟೆಯನ್ನು ಸೂಜಿಯಿಲ್ಲದ ರೋಗಿಗೂ ಕೊಟ್ಟು ನೋಡಲು ಯಾವ ಮಾನ್ಯತೆಯೂ ಬೇಕಿಲ್ಲ, ವೈದ್ಯರ ಸಂಖ್ಯೆ ಹೆಚ್ಚಿಸಬೇಕಷ್ಟೆ.