ಗಾಳಿ ಬಂದಾಗ ತೂರಿಕೊಳ್ಳುವುದೋ, ತಾಳಿ ಬಾಳುವುದೋ?



ನಮ್ಮ ಹಿರಿಯರು ಎರಡು ಗಾದೆ ಮಾಡಿಟ್ಟು ಹೋಗಿದ್ದಾರೆ. ಒಂದು, ‘ಗಾಳಿ ಬಂದಾಗ ತೂರಿಕೋ’. ಇನ್ನೊಂದು, ‘ತಾಳಿದವನು ಬಾಳಿಯಾನು’. ಎರಡೂ ಸುಳ್ಳಲ್ಲ. ಆದರೆ ಎರಡೂ ಒಂದೇ ದಿನ ಒಂದೇ ಹುಡುಗನ ಮುಂದೆ ಬಂದು ನಿಂತರೆ ಯಾವುದನ್ನು ಹಿಡಿಯೋದು? ಮಗ ಡಿಗ್ರಿಯ ಎರಡನೇ ವರ್ಷದಲ್ಲಿದ್ದಾನೆ, ಒಳ್ಳೆಯ ಸಂಬಳದ ಕೆಲಸದ ಕಾಗದ ಬಂತು ಎನ್ನಿ. ಓದು ಬಿಡಿಸಬೇಕೇ, ಕೆಲಸ ಬಿಡಬೇಕೇ? ಮನೆಯಲ್ಲಿ ಅಪ್ಪ ಒಂದು ಹೇಳ್ತಾರೆ, ಅಜ್ಜಿ ಇನ್ನೊಂದು ಹೇಳ್ತಾರೆ, ತಾಯಿಯಾದವಳು ಇಬ್ಬರ ಮಧ್ಯೆ ಅನ್ನ ಬಡಿಸುತ್ತಾ ನಿಂತಿರುತ್ತಾಳೆ.

ಈ ಸಲ ಇದೇ ಪ್ರಶ್ನೆಯನ್ನು ಬಹು ದೂರದ ಒಂದು ಉದಾಹರಣೆಯಿಂದ ನೋಡೋಣ. ನನ್ನ ಅಕ್ಕನ ಮಗಳು ಅಮೆರಿಕದ ಮಿಷಿಗನ್‌ನಲ್ಲಿದ್ದಾಳೆ. ಪ್ರತಿ ವರ್ಷ ಮಾರ್ಚ್, ಏಪ್ರಿಲ್ ಬಂತೆಂದರೆ ಅಲ್ಲಿಯವರ ಬಾಯಲ್ಲಿ ಒಂದೇ ಮಾತಂತೆ: ಕಾಲೇಜಿನ ಹಾಕಿ ಹುಡುಗರಲ್ಲಿ ಯಾರು ಉಳೀತಾರೆ, ಯಾರು ಹೋಗ್ತಾರೆ? ಅವಳು ಫೋನಿನಲ್ಲಿ ಹೇಳಿದ್ದನ್ನು ಕೇಳಿ ನನಗೂ ಕುತೂಹಲ ಹುಟ್ಟಿ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ.

ನಮಗೆ ಹಾಕಿ ಎಂದರೆ ಕೊಡಗು, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ. ಅವರ ಹಾಕಿ ಬೇರೆ. ಮಂಜುಗಡ್ಡೆಯ ನೆಲ, ಕಾಲಿಗೆ ಅಲಗಿನ ಸ್ಕೇಟು, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಈ ಆಟವನ್ನೇ ವೃತ್ತಿಯಾಗಿ ಆಡುವ ದೊಡ್ಡ ಸಂಘಟನೆಗೆ ನ್ಯಾಷನಲ್ ಹಾಕಿ ಲೀಗ್ ಎಂದು ಹೆಸರು. ಅಮೆರಿಕ, ಕೆನಡಾ ಸೇರಿ 32 ತಂಡಗಳು. ಕಾಲೇಜು ಹಾಕಿಯಲ್ಲೂ ಮೇಲ್ದರ್ಜೆಯ ತಂಡಗಳು ಅರವತ್ತಕ್ಕೂ ಹೆಚ್ಚು. ಅಕ್ಟೋಬರಿನಲ್ಲಿ ಶುರುವಾಗಿ ಏಪ್ರಿಲಿನಲ್ಲಿ ಕೊನೆಯ ಪಂದ್ಯ.

ಅಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಹುಡುಗನಿಗೆ ಹದಿನೆಂಟು ತುಂಬುವ ಹೊತ್ತಿಗೆ ಲೀಗ್‌ನ ತಂಡಗಳು ಸರದಿಯಂತೆ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಒಂದು ಬಗೆಯಲ್ಲಿ ನಿಶ್ಚಿತಾರ್ಥ ಎನ್ನಿ! ಕಾಲೇಜಿನಲ್ಲಿ ಓದುವ ಹುಡುಗ ಕೂಡಲೇ ಹೋಗಬೇಕೆಂದಿಲ್ಲ. ನಾನಿಲ್ಲಿ ಹೇಳಲಿರುವ ಹುಡುಗರಿಗೆ ಅನ್ವಯಿಸಿದ ನಿಯಮದಲ್ಲಿ, ನಾಲ್ಕು ವರ್ಷದ ಓದು ಮುಗಿದ ಬೇಸಿಗೆಯ ಆಗಸ್ಟ್ 15ರವರೆಗೂ ಆರಿಸಿದ ತಂಡಕ್ಕೇ ಅವನ ಮೇಲೆ ಹಕ್ಕು. ಅಲ್ಲಿಯವರೆಗೆ ಕಾಯಬಹುದು. ಆದರೆ ಒಮ್ಮೆ ಲೀಗ್‌ನ ಕರಾರಿಗೆ ಸಹಿ ಹಾಕಿದನೋ, ಕಾಲೇಜು ಆಟದ ಬಾಗಿಲು ಮುಚ್ಚಿದಂತೆ. ಓದಬಹುದು, ಆಡುವ ಹಾಗಿಲ್ಲ.

ಈಗ ಆ ಹುಡುಗರ ಕಥೆಗೆ ಬರೋಣ.

ಓವನ್ ಪವರ್ ಎಂಬ ಕೆನಡಾದ ಹುಡುಗ ಮಿಷಿಗನ್ ವಿಶ್ವವಿದ್ಯಾಲಯದವನು. 2021ರಲ್ಲಿ ಬಫಲೋ ತಂಡ ಅವನನ್ನು ಎಲ್ಲರಿಗಿಂತ ಮೊದಲನೆಯವನಾಗಿ ಆರಿಸಿತು. ಇಂಥವರು ಸಾಮಾನ್ಯವಾಗಿ ಹಿಂದೆ ತಿರುಗಿ ನೋಡದೆ ಹೊರಟುಬಿಡ್ತಾರೆ. ಈ ಹುಡುಗ ಮತ್ತೊಂದು ವರ್ಷ ಕಾಲೇಜಿಗೇ ಬಂದ. ಅವನ ಮೊದಲ ವರ್ಷ ಕೋವಿಡ್‌ಗೆ ಬಲಿಯಾಗಿತ್ತು. ಆ ಮಾರ್ಚ್‌ನಲ್ಲಿ ಸೋಂಕು ಕಾಣಿಸಿಕೊಂಡದ್ದರಿಂದ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಮಿಷಿಗನ್ ತಂಡ ಒಂದು ಪಂದ್ಯವನ್ನೂ ಆಡದೆ ವಾಪಸಾಗಬೇಕಾಯಿತು. ಆ ವರ್ಷ ಮೊದಲ ಐದರಲ್ಲಿ ಆಯ್ಕೆಯಾಗಿದ್ದ ಇನ್ನೂ ಮೂವರು ಪವರ್ ಜೊತೆ ಅದೇ ತಂಡದಲ್ಲಿ ಆಡಿದರು. ಕಪ್ಪು ಬಂತೇ? ಇಲ್ಲ. 2022ರ ಸೆಮಿಫೈನಲ್‌ನಲ್ಲಿ ಡೆನ್ವರ್ ಎದುರು ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಸೋತರು. ಆಮೇಲೆ ಪವರ್ ಬಫಲೋಗೆ ಸಹಿ ಹಾಕಿದ. ಕಾದದ್ದರಿಂದ ಏನೂ ಕಳೆದುಕೊಳ್ಳಲಿಲ್ಲ. 2023ರ ಅಕ್ಟೋಬರಿನಲ್ಲಿ ಅದೇ ತಂಡ ಅವನಿಗೆ ಏಳು ವರ್ಷಕ್ಕೆ 5.845 ಕೋಟಿ ಡಾಲರಿನ ಕರಾರು ಬರೆದುಕೊಟ್ಟಿತು.

ಕೇಲ್ ಮಕಾರ್ ಕಥೆ ಇನ್ನೂ ಚೆಂದ. 2017ರಲ್ಲಿ ಕೊಲರಾಡೋ ತಂಡ ನಾಲ್ಕನೆಯವನಾಗಿ ಆರಿಸಿದ ಹುಡುಗ. ಅವನು ಸೇರಿದ್ದು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ. ಅದರ ಹಿಂದಿನ ವರ್ಷ ಆ ತಂಡ ಗೆದ್ದದ್ದು ಐದೇ ಪಂದ್ಯ! ಒಂದು ವರ್ಷ ಆಡಿದ ಮೇಲೂ ಅವನು ಹೋಗಲಿಲ್ಲ, ಎರಡನೇ ವರ್ಷಕ್ಕೂ ಉಳಿದ. 2019ರ ಏಪ್ರಿಲ್ 12, ಶುಕ್ರವಾರ, ಕಾಲೇಜು ಆಟಗಾರರಲ್ಲೇ ಶ್ರೇಷ್ಠನಿಗೆ ಸಲ್ಲುವ ಹೋಬಿ ಬೇಕರ್ ಪ್ರಶಸ್ತಿ ಬಂತು. ಶನಿವಾರ ಫೈನಲ್‌ನಲ್ಲಿ ಸೋಲು. ಭಾನುವಾರ ಕೊಲರಾಡೋಗೆ ಸಹಿ. ಸೋಮವಾರ ಲೀಗ್‌ನಲ್ಲಿ ಮೊದಲ ಪಂದ್ಯ, ಅದೂ ತಾನು ಹುಟ್ಟಿದ ಕ್ಯಾಲ್ಗರಿ ಊರಿನ ತಂಡದ ಎದುರು. ಅದರಲ್ಲೇ ಒಂದು ಗೋಲು! ಮೂರೇ ವರ್ಷದಲ್ಲಿ, 2022ರಲ್ಲಿ, ತಂಡಕ್ಕೆ ಸ್ಟ್ಯಾನ್ಲಿ ಕಪ್ಪು ಬಂತು, ಅವನಿಗೆ ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ.

‘ಹಾಗಾದರೆ ಕಾಯುವುದೇ ಸರಿ’ ಅಂತ ಈಗಲೇ ತೀರ್ಮಾನಕ್ಕೆ ಬರಬೇಡಿ. ಮ್ಯಾಕ್ಲಿನ್ ಸೆಲೆಬ್ರೀನಿ ಎಂಬ ಹುಡುಗ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಆಡಿದ್ದು ಒಂದೇ ವರ್ಷ. ಹದಿನೇಳನೇ ವಯಸ್ಸಿಗೇ ಹೋಬಿ ಬೇಕರ್ ಪ್ರಶಸ್ತಿ ಪಡೆದ, ಅಷ್ಟು ಚಿಕ್ಕವರಾರೂ ಅದನ್ನು ಪಡೆದಿರಲಿಲ್ಲ. 2024ರ ಜೂನ್‌ನಲ್ಲಿ ಸ್ಯಾನ್ ಹೋಸೆ ತಂಡದ ಮೊದಲ ಆಯ್ಕೆ, ಜುಲೈನಲ್ಲಿ ಸಹಿ. ಮೊದಲ ವರ್ಷವೇ 70 ಪಂದ್ಯಗಳಲ್ಲಿ 25 ಗೋಲು ಹೊಡೆದ. ಇಂಥವನನ್ನು ‘ಇನ್ನೂ ಮೂರು ವರ್ಷ ಕೂತು ಕಲಿ’ ಅಂದರೆ ಅದು ತಾಳ್ಮೆ ಅಲ್ಲ, ಕಾಲಹರಣ.

ಮತ್ತೆ ಮೂವರು ಗೆಳೆಯರ ಕಥೆ ಕೇಳಿ. ವಿಲ್ ಸ್ಮಿತ್, ರಯಾನ್ ಲೆನಾರ್ಡ್, ಗೇಬ್ ಪೆರೊ. ಮೂವರೂ ಕಾಲೇಜಿಗೂ ಮೊದಲೇ ಒಟ್ಟಿಗೆ ಮುಂಚೂಣಿಯಲ್ಲಿ ಆಡಿದವರು, ಮೂವರೂ ಬಾಸ್ಟನ್ ಕಾಲೇಜಿಗೆ ಸೇರಿದವರು, 2024ರ ಫೈನಲ್‌ನಲ್ಲಿ ಒಟ್ಟಿಗೆ ಸೋತವರು. ಆ ಬೇಸಿಗೆಯಲ್ಲಿ ಸ್ಮಿತ್ ವೃತ್ತಿಗೆ ಹೋದ, ಉಳಿದಿಬ್ಬರು ಕಾಲೇಜಿಗೆ ಮರಳಿದರು. ಸ್ಮಿತ್‌ಗೆ ಮೊದಮೊದಲು ಅವನ ತಂಡ ಎರಡು ದಿನ ಬೆನ್ನುಬೆನ್ನಿಗೆ ಪಂದ್ಯ ಬಂದಾಗ ಒಂದರಲ್ಲಿ ಆಡಿಸದೆ ಮೈ ಗಟ್ಟಿ ಮಾಡಿಕೊಳ್ಳಲು ಬಿಟ್ಟಿತು. ಲೆನಾರ್ಡ್ ಆ ವರ್ಷ ಇಡೀ ದೇಶದ ಕಾಲೇಜು ಹುಡುಗರಲ್ಲೇ ಹೆಚ್ಚು ಗೋಲು ಹೊಡೆದ. ಆದರೂ ಕಪ್ಪು ಬರಲಿಲ್ಲ, 2025ರಲ್ಲೂ ಅದೇ ಡೆನ್ವರ್ ಅಡ್ಡ ಬಂತು. ಆಮೇಲೆ ಇವರಿಬ್ಬರೂ ಸಹಿ ಹಾಕಿದರು. ಒಂದೇ ಬೀದಿಯಲ್ಲಿ ನಡೆದು ಬಂದ ಮೂವರಿಗೆ ಒಂದೇ ಉತ್ತರ ಒಪ್ಪಲಿಲ್ಲ, ನೋಡಿ.

ಇಲ್ಲಿ ನನಗೆ ಆ ಗಾದೆಯ ಅರ್ಥ ಸ್ವಲ್ಪ ಹೊಳೆದಂತಾಯಿತು. ಕಣ ನೋಡಿದ ಸೋದರಿಯರಿಗೆ ಗೊತ್ತು. ಗಾಳಿ ಬಂದಾಗ ತೂರುವುದು ಯಾವುದನ್ನು? ಒಕ್ಕಿದ ಕಾಳನ್ನು. ಒಕ್ಕಣೆಯೇ ಆಗದ ತೆನೆಯನ್ನು ‘ಅಯ್ಯೋ, ಗಾಳಿ ಬಂತು’ ಅಂತ ಮೊರಕ್ಕೆ ಹಾಕಿ ತೂರಿದರೆ ಏನು ಸಿಕ್ಕೀತು? ಹಾಗೇ ಒಕ್ಕಿಟ್ಟ ರಾಶಿಯ ಮುಂದೆ ‘ತಾಳಿದವನು ಬಾಳಿಯಾನು’ ಅಂತ ಕೂತರೆ ಮಳೆ ಬಂದೀತು. ಎರಡು ಗಾದೆಗೂ ಜಗಳವಿಲ್ಲ. ನಾವು ಗಾಳಿಯನ್ನಷ್ಟೇ ನೋಡ್ತೇವೆ, ಕಣವನ್ನು ನೋಡೋದಿಲ್ಲ, ಅಷ್ಟೆ.

ಇನ್ನು ದುಡ್ಡಿನ ಮಾತು. 2024ರಲ್ಲಿ ಆಯ್ಕೆಯಾದವರ ಮೊದಲ ಕರಾರಿನಲ್ಲಿ ವರ್ಷದ ವೇತನ ಹೆಚ್ಚೆಂದರೆ 9,75,000 ಡಾಲರ್. ಆದರೆ ಅದು ದೊಡ್ಡ ತಂಡದಲ್ಲಿ ಜಾಗ ಸಿಕ್ಕಿದವನಿಗೆ. ಜಾಗ ಸಿಗದಿದ್ದರೆ ಕೆಳಗಿನ ಲೀಗ್‌ಗೆ ಕಳಿಸ್ತಾರೆ, ಅಲ್ಲಿ ಸಂಬಳ ಬಹಳ ಕಡಿಮೆ, ಊರೂರು ಬಸ್ಸಿನಲ್ಲಿ ಅಲೆದಾಟ. ಹಾಗಾಗಿ ಜಾಣ ತಂದೆತಾಯಿ ‘ಎಷ್ಟು ಕೊಡ್ತಾರೆ’ ಎನ್ನುವ ಮೊದಲು ‘ಎಲ್ಲಿ ಆಡಿಸ್ತಾರೆ’ ಅಂತ ಕೇಳ್ತಾರೆ. ಇತ್ತ ಕಾಲೇಜಿನಲ್ಲೂ ಕಾಲ ಬದಲಾಗಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಜಾಹೀರಾತಿನ ಹಣ ಪಡೆಯಲು ಅವಕಾಶವಾಯಿತು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ‘ಬಡತನ, ಅದಕ್ಕೇ ಹೊರಟೆ’ ಎನ್ನುವ ಕಾರಣ ಮೊದಲಿನಷ್ಟು ಬಿಗಿಯಾಗಿ ಉಳಿದಿಲ್ಲ. ಹಾಗೆಂದು ಉಳಿಯುವುದು ಪುಕ್ಕಟೆಯೂ ಅಲ್ಲ. ಮಂಡಿಗೋ ಭುಜಕ್ಕೋ ಒಂದು ಏಟು ಬಿದ್ದರೆ, ಕಾದದ್ದೇ ಕೇಡಾಗಬಹುದು.

ಪೂರ್ತಿ ನಾಲ್ಕು ವರ್ಷ ಕಾದವನಿಗೆ ಇನ್ನೊಂದು ಬಲವೂ ಇತ್ತು. ಜಿಮ್ಮಿ ವೀಸಿ ಎಂಬಾತ ಹಾರ್ವರ್ಡ್‌ನಲ್ಲಿ ಓದು ಮುಗಿಸಿ, 2016ರ ಆಗಸ್ಟ್ 15ರವರೆಗೂ ಸುಮ್ಮನಿದ್ದು, ತನ್ನ ಮೇಲಿದ್ದ ಹಕ್ಕು ತೀರಿದ ಮೇಲೆ ತನಗೆ ಬೇಕಾದ ನ್ಯೂಯಾರ್ಕ್ ತಂಡ ಸೇರಿದ. ನಿಶ್ಚಿತಾರ್ಥದ ಗಂಡನ್ನು ಬಿಟ್ಟು ತಾನೇ ಆರಿಸಿಕೊಂಡಂತಾಯಿತು!

ಓದನ್ನೇ ಮುಖ್ಯವೆಂದುಕೊಂಡ ಹಿರಿಯರೊಬ್ಬರಿದ್ದರು, ಕೆನಡಾದ ಕೆನ್ ಡ್ರೈಡನ್. 1964ರಲ್ಲೇ ಲೀಗ್ ತಂಡಕ್ಕೆ ಆಯ್ಕೆಯಾದರೂ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1969ರಲ್ಲಿ ಪದವಿ ಪಡೆದೇ ಹೊರಬಂದರು. 1971ರಲ್ಲಿ ಮಾಂಟ್ರಿಯಲ್ ತಂಡದ ಗೋಲಿ ಆಗಿ ಸ್ಟ್ಯಾನ್ಲಿ ಕಪ್ಪು ಗೆದ್ದರು. ಒಟ್ಟು ಆರು ಕಪ್ಪು. ಆಟದ ಮಧ್ಯೆಯೇ ಕಾನೂನು ಓದಿದರು. ಸಂಬಳದ ವಿಷಯದಲ್ಲಿ ತಂಡದೊಡನೆ ಹೊಂದಿಕೆಯಾಗದ 1973–74ರ ಸಾಲಿನಲ್ಲಿ ಆಟ ಬಿಟ್ಟು ವಕೀಲರ ಕಚೇರಿಯಲ್ಲಿ ತರಬೇತಿ ಪಡೆದರು! 2004ರಲ್ಲಿ ಕೆನಡಾದ ಮಂತ್ರಿಯಾಗಿ, ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಮಕ್ಕಳ ಪಾಲನಾ ಯೋಜನೆಗೆ ದುಡಿದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮೈ ಸೋತ ಮೇಲೂ ಕೈಗೆ ಕೆಲಸ ಇತ್ತು ಎನ್ನುವುದು ಇಲ್ಲಿ ಗಮನಿಸಬೇಕಾದ ಮಾತು.

‘ಹೆಣ್ಣುಮಕ್ಕಳ ಮಾತೇ ಇಲ್ಲವಲ್ಲ’ ಎಂದಿರಾ? ಅದಕ್ಕೇ ಬರ್ತಿದ್ದೆ. ಅಲ್ಲಿ ಕಾಲೇಜಿನ ಹುಡುಗಿಯರೂ ಇದೇ ಹಾಕಿಯನ್ನು ಬಹಳ ಚೆನ್ನಾಗಿ ಆಡ್ತಾರೆ. ಆದರೆ ‘ಉಳಿಯಲೋ, ಹೋಗಲೋ’ ಎಂಬ ಪ್ರಶ್ನೆ ಅವರಿಗೆ ಬಹುಕಾಲ ಇರಲೇ ಇಲ್ಲ, ಹೋಗಲು ಎಲ್ಲಿತ್ತು? ಇದ್ದ ಮಹಿಳಾ ಲೀಗ್‌ಗಳಲ್ಲಿ ಆಟದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಗಲು ಬೇರೆ ನೌಕರಿ, ಸಂಜೆ ಆಟ. ಕೆನಡಾದ ಮಹಿಳಾ ಲೀಗ್ 2019ರಲ್ಲಿ ಬಾಗಿಲು ಹಾಕಿತು. 2024ರ ಜನವರಿ 1ರಂದು ಹೊಸ ವೃತ್ತಿಪರ ಮಹಿಳಾ ಲೀಗ್ ಆರು ತಂಡಗಳಿಂದ ಆರಂಭವಾಯಿತು. ಮೊದಲ ವರ್ಷದಲ್ಲಿ ಕನಿಷ್ಠ ಸಂಬಳ 35,000 ಡಾಲರ್. ಹುಡುಗರ ಲೆಕ್ಕದ ಮುಂದೆ ಇದು ಚಿಲ್ಲರೆ. ಆದರೂ ಆಟವೇ ಕೆಲಸವಾಯಿತಲ್ಲ! ಮಿನೆಸೋಟದ ಟೇಲರ್ ಹೈಸ್ 2022ರಲ್ಲಿ ಕಾಲೇಜು ಹುಡುಗಿಯರಲ್ಲಿ ಶ್ರೇಷ್ಠಳೆನಿಸಿದ ಮೇಲೂ ಐದನೇ ವರ್ಷಕ್ಕೆ ಮರಳಿದಳು. 2023ರಲ್ಲಿ ಹೊಸ ಲೀಗ್‌ನ ಮೊಟ್ಟಮೊದಲ ಆಯ್ಕೆ ಅವಳೇ ಆದಳು. 2024ರ ಮೇ ತಿಂಗಳಲ್ಲಿ ಅವಳ ಮಿನೆಸೋಟ ತಂಡ ಮೊದಲ ಕಪ್ಪು ಗೆದ್ದಾಗ ಸರಣಿಯ ಶ್ರೇಷ್ಠ ಆಟಗಾರ್ತಿಯೂ ಅವಳೇ.

ನಾನು ಹೈಸ್ಕೂಲು ಮುಗಿಸಿದ ಹೊತ್ತಿಗೆ ಮನೆಯಲ್ಲಿ ಯಾರೂ ‘ಮುಂದೇನು ಮಾಡ್ತೀಯಮ್ಮ?’ ಅಂತ ಕೇಳಲಿಲ್ಲ. ಕೇಳುವ ವಾಡಿಕೆಯೇ ಇರಲಿಲ್ಲ. ಆದ್ದರಿಂದಲೇ ಹೇಳ್ತೀನಿ, ಎರಡು ದಾರಿ ನಡುವೆ ನಿಂತು ತಲೆ ಕೆಡಿಸಿಕೊಳ್ಳುವುದೂ ಒಂದು ಭಾಗ್ಯ. ಮಕ್ಕಳಿಗೆ ಆ ಭಾಗ್ಯ ಬಂದಾಗ ನಾವು ಅವಸರದಿಂದ ಅದನ್ನು ಕಿತ್ತುಕೊಳ್ಳಬಾರದು.

ನಿಮ್ಮ ಮನೆಗೂ ಇಂಥ ದಿನ ಬಂದರೆ, ಆಟವಿರಲಿ, ನೌಕರಿ ಇರಲಿ, ಮಗ ಅಥವಾ ಮಗಳನ್ನು ಕೂರಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿ.

ಒಂದು: ಇದರಲ್ಲಿ ಮತ್ತೆ ತೆರೆಯದ ಬಾಗಿಲು ಯಾವುದು? ಓದನ್ನು ಆಮೇಲೂ ಮುಗಿಸಬಹುದೇ, ಈ ಕೆಲಸ ಇನ್ನೊಂದು ವರ್ಷ ಕಾದೀತೇ?

ಎರಡು: ಅಲ್ಲಿ ನಿನಗೆ ನಿಜವಾಗಿ ಜಾಗ ಇದೆಯೇ, ಇಲ್ಲ ಬರೀ ಹೆಸರಿಗೆ ಕರೆದಿದ್ದಾರೋ?

ಮೂರು: ನಿನ್ನ ಒಕ್ಕಣೆ ಆಗಿದೆಯೇ? ಇದಕ್ಕೆ ಉತ್ತರ ಅವನೂ ಹೇಳಲಿ, ಅವನ ಗುರುಗಳನ್ನೂ ಕೇಳಿ.

ನಾಲ್ಕು: ಅಕಸ್ಮಾತ್ ಏಟು ಬಿದ್ದರೆ, ಕೆಲಸ ಹೋದರೆ, ಕೈಯಲ್ಲಿ ಏನುಳಿಯುತ್ತೆ?

ಕೇಳಿ ಆದ ಮೇಲೆ ತಾಯಿಗೆ ಉಳಿಯುವ ಕಷ್ಟದ ಕೆಲಸ ಒಂದೇ, ಸುಮ್ಮನಿರುವುದು. ಸಹಿ ಹಾಕುವ ಕೈ ಅವರದು. ಅವರು ಯಾವುದನ್ನೇ ಆರಿಸಲಿ, ‘ನಾನು ಅಂದೇ ಹೇಳಿದ್ದೆ’ ಎಂಬ ಮಾತೊಂದನ್ನು ಉಪ್ಪಿನಕಾಯಿ ಜಾಡಿಯ ಹಾಗೆ ಬಿಗಿಯಾಗಿ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟುಬಿಡಿ.

ನಿಮ್ಮ ಮನೆಯಲ್ಲಿ ಇಂಥ ಪ್ರಸಂಗ ನಡೆದಿದ್ದರೆ, ಹೇಗೆ ತೀರ್ಮಾನಿಸಿದಿರಿ ಎಂದು ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಹಾಸ್ಟೆಲಿಗೆ ಹೊರಡುವ ಮಕ್ಕಳಿಗೆ ಕಟ್ಟಿಕೊಡಬಹುದಾದ, ಹದಿನೈದು ದಿನ ಕೆಡದ ತಿಂಡಿಗಳ ಬಗ್ಗೆ ಮಾತಾಡೋಣ.