ಟೇಪಿನ ಡಬ್ಬಿ ಕೈಜಾರಿದಾಗ

ಟೇಪು ಎಂದೊಡನೆ ನಮ್ಮಲ್ಲಿ ಬಹಳ ಜನಕ್ಕೆ ಊರಿನಿಂದ ತಂದ ಯಕ್ಷಗಾನದ ಕ್ಯಾಸೆಟ್ಟೂ, ಅದರ ಸುರುಳಿ ಸಡಿಲಾದಾಗ ಪೆನ್ಸಿಲು ತೂರಿಸಿ ತಿರುಗಿಸುತ್ತಿದ್ದುದೂ ನೆನಪಾಗುತ್ತದೆ. ಆ ಕ್ಯಾಸೆಟ್ಟು ಮನೆ ಬಿಟ್ಟು ಹೋಗಿ ಕಾಲವಾಯಿತು. ಆದರೆ ಟೇಪು ಹೋಗಿಲ್ಲ. ದೊಡ್ಡ ಕಚೇರಿಗಳು ಗಣಕಯಂತ್ರದಲ್ಲಿರುವ ಲೆಕ್ಕಪತ್ರಗಳ ಇನ್ನೊಂದು ಪ್ರತಿಯನ್ನು ಟೇಪಿನ ಮೇಲೆ ಇಳಿಸಿ ಕಪಾಟಿನಲ್ಲಿಡುವ ವಾಡಿಕೆ ಇಂದಿಗೂ ಉಂಟು. ನಮ್ಮ ಸಂಘದ ಎಷ್ಟೋ ಮನೆಗಳ ಮಕ್ಕಳು ಇಂಥ ಕೋಣೆಗಳಲ್ಲೇ ರಾತ್ರಿಪಾಳಿ ಮಾಡುತ್ತಾರೆ; ಆದ್ದರಿಂದ ಈ ಸಲದ ಅಂಕಣ ಅದರ ಬಗೆಗೆ.

ಇದೇನು ಓಬೀರಾಯನ ಕಾಲದ ಪದ್ಧತಿ ಎಂದು ಯಾರೂ ನಗಬೇಕಾಗಿಲ್ಲ. 2011ರ ಫೆಬ್ರವರಿಯಲ್ಲಿ ಗೂಗಲ್ಲಿನ ಜೀಮೇಲಿನಲ್ಲಿ ತಂತ್ರಾಂಶದ ಒಂದು ದೋಷದಿಂದ ಕೆಲವರ ಪತ್ರಗಳೆಲ್ಲ ಮಾಯವಾದುವು. ಬೇರೆ ಬೇರೆ ಕಡೆ ಇಟ್ಟಿದ್ದ ಪ್ರತಿಗಳೂ ಅದೇ ದೋಷಕ್ಕೆ ತುತ್ತಾಗಿದ್ದುವು. ಕೊನೆಗೆ ಪತ್ರಗಳನ್ನು ಹಿಂದಕ್ಕೆ ತಂದುಕೊಟ್ಟದ್ದು ಟೇಪು. ಯಂತ್ರದಿಂದ ಹೊರಗೆ ಬೇರೆಯಾಗಿ ಇರುವ ವಸ್ತುವಿಗೆ ಯಂತ್ರದ ರೋಗ ತಗಲುವುದಿಲ್ಲವಲ್ಲ!

ಈಗ ಹೆಚ್ಚು ಬಳಕೆಯಲ್ಲಿರುವುದು ಎಲ್‌ಟಿಒ ಎಂಬ ಜಾತಿ. 2021ರಲ್ಲಿ ಬಂದ ಅದರ ಒಂಬತ್ತನೆಯ ತಲೆಮಾರಿನ ಕಾರ್ಟ್ರಿಜ್ಜು ಅಂಗೈಯಗಲದ ಡಬ್ಬಿ. ಒಳಗೆ ಅರ್ಧ ಅಂಗುಲ ಅಗಲದ, 1035 ಮೀಟರು ಉದ್ದದ ಟೇಪು. ದಪ್ಪವೋ, ಮಿಲಿಮೀಟರಿನ ಸುಮಾರು ಇನ್ನೂರರಲ್ಲಿ ಒಂದು ಪಾಲು. ಇಷ್ಟರಲ್ಲಿ 18 ಟೆರಾಬೈಟು ಹಿಡಿಯುತ್ತದೆ. ಹಾಡಿನ ಕ್ಯಾಸೆಟ್ಟಿನಲ್ಲಿ ಎರಡು ರಾಟೆಗಳಿದ್ದರೆ ಇದರಲ್ಲಿ ಒಂದೇ. ಇನ್ನೊಂದು ರಾಟೆ ಡ್ರೈವಿನೊಳಗೆ ಇದೆ. ಟೇಪಿನ ತುದಿಯಲ್ಲಿ ಪುಟ್ಟದೊಂದು ಪಿನ್ನು ಉಂಟು. ಡ್ರೈವು ಆ ಪಿನ್ನನ್ನು ಹಿಡಿದು ಟೇಪನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ.

ಅಪಾಯವಿರುವುದು ಇಲ್ಲಿಯೇ. ಡಬ್ಬಿ ಮೇಜಿನಿಂದ ನೆಲಕ್ಕೆ ಬಿದ್ದರೆ ಹೊರಗೆ ಗೀರೂ ಕಾಣದಿರಬಹುದು. ಒಳಗೆ ಪಿನ್ನು ತನ್ನ ಜಾಗ ಬಿಟ್ಟು ಸರಿದಿರಬಹುದು, ಸುರುಳಿಯ ಅಂಚು ಏರುಪೇರಾಗಿರಬಹುದು. ಅದನ್ನು ಹಾಗೆಯೇ ಡ್ರೈವಿಗೆ ತುರುಕಿದರೆ ಟೇಪು ಒಳಗೆ ಸಿಕ್ಕಿಕೊಂಡು ಡ್ರೈವೂ ಕೆಡುತ್ತದೆ. ಆಮೇಲೆ ಕಪಾಟಿನಲ್ಲಿ ನೂರು ಒಳ್ಳೆಯ ಡಬ್ಬಿಗಳಿದ್ದೂ ಓದುವ ಯಂತ್ರವೇ ಇಲ್ಲ.

ಹಾಗಾದರೆ ಮಾಡತಕ್ಕದ್ದೇನು? ಬಿದ್ದ ಡಬ್ಬಿಯ ಪುಟ್ಟ ಬಾಗಿಲನ್ನು ಮೆಲ್ಲಗೆ ಸರಿಸಿ ಪಿನ್ನು ನೇರವಾಗಿ ಕೂತಿದೆಯೇ ನೋಡಬೇಕು. ಟೇಪಿಗೆ ಬೆರಳು ಸೋಕಿಸಕೂಡದು. ಡಬ್ಬಿಯ ಬೆಸುಗೆ ಬಿಟ್ಟಿದೆಯೇ, ಅಲುಗಿಸಿದರೆ ಗಲಗಲ ಎನ್ನುತ್ತದೆಯೇ ಪರೀಕ್ಷಿಸಬೇಕು. ಸಂದೇಹವಿದ್ದರೆ ಡ್ರೈವಿಗೆ ಹಾಕಲೇಬಾರದು. ಎಲ್ಲ ಸರಿಯಾಗಿ ಕಂಡರೂ, ಅದರಲ್ಲಿರುವುದನ್ನು ಒಮ್ಮೆ ಬೇರೆ ಡಬ್ಬಿಗೆ ಇಳಿಸಿಕೊಂಡು ಬಿದ್ದದ್ದಕ್ಕೆ ನಿವೃತ್ತಿ ಕೊಡುವುದು ಲೇಸು.

ಆದರೆ ಇಷ್ಟೆಲ್ಲ ನಡೆಯಬೇಕಾದರೆ, ಬಿತ್ತು ಎಂದು ಬಾಯಿಬಿಟ್ಟು ಹೇಳುವವರು ಬೇಕಷ್ಟೆ. ಕಚೇರಿಯ ಗಾಳಿ ಕುಡಿದವರಿಗೆಲ್ಲ ಗೊತ್ತು: ಸಾಹೇಬರು ಮೆಮೊ ಕೊಡುತ್ತಾರೆಂಬ ಭಯವಿರುವೆಡೆ ಯಾವ ವಸ್ತುವೂ ಎಂದೂ ಬಿದ್ದಿರುವುದಿಲ್ಲ, ರಿಜಿಸ್ಟರಿನ ‘ಷರಾ’ ಅಂಕಣ ಖಾಲಿಯಾಗಿ ಹೊಳೆಯುತ್ತಿರುತ್ತದೆ. ಟೇಪಿನ ಕೋಣೆಯಲ್ಲಿ ಈ ಹೊಳಪು ಬಲು ದುಬಾರಿ. ಆ ಡಬ್ಬಿಯಲ್ಲಿ ಯಾರದೋ ಪಿಂಚಣಿ, ಯಾರದೋ ಪಹಣಿ ಇದ್ದೀತು. ಬಿದ್ದದ್ದನ್ನು ಬರೆದಿಟ್ಟ ಹುಡುಗನಿಗೆ ಸಾಹೇಬರು ಒಂದು ಕಪ್ ಕಾಫಿ ಕೊಡಿಸಲಿ ಎಂದು ನನ್ನ ಶಿಫಾರಸು.

ಮುಂಬಯಿ, ಮದರಾಸುಗಳ ನಮ್ಮಂಥವರಿಗೆ ಇನ್ನೊಂದು ಶತ್ರು ಗಾಳಿಯ ತೇವ. ಬಹುಕಾಲ ಜೋಪಾನವಾಗಿಡುವ ಟೇಪಿಗೆ 16ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 20ರಿಂದ 50ರಷ್ಟು ತೇವ ಹಿತ. ತಂಪು ಕೋಣೆಯಿಂದ ಬೀದಿಗೆ ಬಂದಾಗ ಕನ್ನಡಕ ಮಸುಕಾಗುವುದಿಲ್ಲವೇ? ಟೇಪಿಗೂ ಅದೇ ಪಾಡು. ಬೇರೆ ಕಟ್ಟಡದಿಂದ ತಂದ ಡಬ್ಬಿಯನ್ನು ಒಂದು ಹಗಲು ಒಂದು ರಾತ್ರಿ ಡ್ರೈವಿರುವ ಕೋಣೆಯಲ್ಲೇ ಸುಮ್ಮನೆ ಇಟ್ಟು ಅನಂತರ ಉಪಯೋಗಿಸಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಊಟಕ್ಕೆ ಹೋಗುವುದಂತೂ ಕೂಡದು. ಕಪಾಟಿನಲ್ಲಿ ಪುಸ್ತಕದಂತೆ ನಿಲ್ಲಿಸಿಡಬೇಕು, ಒಂದರ ಮೇಲೊಂದು ಮಲಗಿಸಬಾರದು.

ಚೀಟಿಯನ್ನು ಅದಕ್ಕೆಂದೇ ಇರುವ ತಗ್ಗಿನಲ್ಲಿ ಮಾತ್ರ ಅಂಟಿಸಬೇಕು. ಬೇರೆಡೆ ಅಂಟಿಸಿದ್ದು ಡ್ರೈವಿನೊಳಗೆ ಕಿತ್ತು ಬರುತ್ತದೆ. ತಲೆ ತೊಳೆಯುವ ಕಾರ್ಟ್ರಿಜ್ಜನ್ನು ಡ್ರೈವು ದೀಪ ಹೊತ್ತಿಸಿ ಕೇಳಿದಾಗ ಹಾಕಿದರೆ ಸಾಕು. ಆಯುಧಪೂಜೆಯ ದಿನ ಅರಿಸಿನ ಕುಂಕುಮವನ್ನು ಹೊರಗಿನ ಕಪಾಟಿನ ಬಾಗಿಲಿಗೆ ಹಚ್ಚಿದರೆ ದೇವಿ ಮುನಿಯಳು; ಡ್ರೈವಿನ ಬಾಯಿಗೆ ಹುಡಿ ಬೇಡ.

ಒಂಬತ್ತನೆಯ ತಲೆಮಾರಿನ ಡ್ರೈವು ಎಂಟನೆಯದನ್ನೂ ತನ್ನದನ್ನೂ ಬಿಟ್ಟು ಹಿಂದಿನದನ್ನು ಓದದು. ಹಳೆಯ ಡಬ್ಬಿಗಳಿರುವವರೆಗೆ ಹಳೆಯ ಡ್ರೈವನ್ನು ಗುಜರಿಗೆ ಹಾಕಬೇಡಿ. ಈ ಪತ್ರಿಕೆ ಮೂರು ತಿಂಗಳಿಗೊಮ್ಮೆ ಮನೆಗೆ ಬರುತ್ತದೆ. ಬಂದಾಗಲೆಲ್ಲ ಕಪಾಟಿನಿಂದ ಯಾವುದಾದರೂ ಒಂದು ಡಬ್ಬಿ ತೆಗೆದು, ನಾಲ್ಕು ಕಡತ ಓದಿಸಿ ನೋಡಿ, ತಾರೀಖು ಹಾಕಿ ರಿಜಿಸ್ಟರಿನಲ್ಲಿ ಬರೆದಿಡಿ.