ಕಡತದಲ್ಲಿ ಇಲ್ಲದ ಹಾಳೆ, ಕೈತಪ್ಪುವ ಬಡ್ತಿ

ಬೆಂಗಳೂರಿನ ಪೂರ್ವ ಭಾಗಕ್ಕೆ ಇಂದಿಗೂ ದಂಡು ಎಂಬ ಹೆಸರೇ ಉಳಿದಿದೆ. 1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ನೆಲೆಗೊಳಿಸಿದ ಸೇನಾ ಶಿಬಿರವೇ ಮುಂದೆ ಶಿವಾಜಿನಗರದಿಂದ ಇಂದಿರಾನಗರದವರೆಗಿನ ಬಡಾವಣೆಗಳ ಬೆಳವಣಿಗೆಗೆ ಬುನಾದಿಯಾಯಿತು. ಹಲಸೂರು ಕೆರೆಯ ಬಳಿ ಮದ್ರಾಸ್ ಎಂಜಿನಿಯರ್ ಗ್ರೂಪಿನ ಕೇಂದ್ರವಿದೆ. ಸೇನೆಯ ಸರಬರಾಜು ದಳ, ಮಿಲಿಟರಿ ಪೊಲೀಸ್ ದಳ ಹಾಗೂ ಪಯೋನಿಯರ್ ದಳಗಳ ತರಬೇತಿ ಕೇಂದ್ರಗಳೂ ಈ ನಗರದಲ್ಲಿಯೇ ಇವೆ. ಇಂದಿರಾನಗರದಲ್ಲಿ ಡಿಫೆನ್ಸ್ ಕಾಲೊನಿ ಎಂಬ ಬಡಾವಣೆಯೇ ಇದೆ. ಸೇವೆಯಲ್ಲಿರುವ ಮತ್ತು ನಿವೃತ್ತರಾದ ಸೇನಾ ಕುಟುಂಬಗಳು ಇಷ್ಟೊಂದು ಸಂಖ್ಯೆಯಲ್ಲಿ ನೆಲೆಸಿರುವ ಊರಿನಲ್ಲಿ, ಬಡ್ತಿ ಎಂಬುದು ಯಾವುದೋ ದೂರದ ದೆಹಲಿಯ ಆಡಳಿತಾತ್ಮಕ ವಿಷಯವಲ್ಲ, ಮನೆಮನೆಯ ಮಾತು.

ಆದರೆ ಸೇನಾಧಿಕಾರಿಯ ಬಡ್ತಿಯನ್ನು ನಿರ್ಧರಿಸುವುದು ಹೇಗೆ ಎಂಬುದು ಹೊರಗಿನವರಿಗೆ ಅಷ್ಟಾಗಿ ತಿಳಿದಿಲ್ಲ. ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ನಿಗದಿತ ಸೇವಾವಧಿ ಪೂರೈಸಿ, ಅಗತ್ಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಬಡ್ತಿ ದೊರೆಯುತ್ತದೆ. ಅಲ್ಲಿಂದ ಮೇಲೆ ಆಯ್ಕೆ ಮಂಡಳಿಯ ಹಂತ. ಕರ್ನಲ್ ಹುದ್ದೆಗೆ ಮೂರನೆಯ ಸಂಖ್ಯೆಯ ಆಯ್ಕೆ ಮಂಡಳಿ, ಬ್ರಿಗೇಡಿಯರ್ ಹುದ್ದೆಗೆ ಎರಡನೆಯದು, ಮೇಜರ್ ಜನರಲ್ ಹುದ್ದೆಗೆ ಒಂದನೆಯದು. ಈ ಮಂಡಳಿಗಳು ಸಂದರ್ಶನ ನಡೆಸುವುದಿಲ್ಲ. ಅಧಿಕಾರಿ ಅವುಗಳ ಮುಂದೆ ಹಾಜರಾಗುವುದೂ ಇಲ್ಲ. ಕರ್ನಲ್ ಹುದ್ದೆಯ ಆಯ್ಕೆಯಲ್ಲಂತೂ ಸದಸ್ಯರ ಕೈಗೆ ಬರುವುದು ಹೆಸರು ಮರೆಮಾಚಿದ ಒಂದು ವಿವರಪತ್ರ. ಅದರಲ್ಲಿ ಗೌಪ್ಯ ವರದಿಗಳ ಅಂಕ, ತೇರ್ಗಡೆಯಾದ ಕೋರ್ಸುಗಳು, ಪಡೆದ ಪದಕ ಪ್ರಶಸ್ತಿಗಳು, ಶಿಸ್ತುಕ್ರಮದ ವಿವರ ಇರುತ್ತವೆ. 100 ಅಂಕಗಳಲ್ಲಿ 95 ಅಂಕಗಳು ಈ ದಾಖಲೆಗಳಿಂದಲೇ ಬರುತ್ತವೆ. ಮಂಡಳಿಯ ವಿವೇಚನೆಗೆ ಉಳಿಯುವುದು ಕೇವಲ 5.

ಪಕ್ಷಪಾತವನ್ನು ತಡೆಯಲು ಇದು ಒಳ್ಳೆಯ ವ್ಯವಸ್ಥೆಯೇ ಸರಿ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಅಧಿಕಾರಿ ಯಾರೆಂದು ಮಂಡಳಿಗೆ ತಿಳಿಯದಿದ್ದಾಗ, ವಿವರಪತ್ರದಲ್ಲಿ ಇಲ್ಲದ ಸಾಧನೆ ಜಗತ್ತಿನಲ್ಲಿಯೇ ಇಲ್ಲದ ಸಾಧನೆಯಾಗುತ್ತದೆ. ಒಂದು ಕೋರ್ಸಿನ ಪ್ರಮಾಣಪತ್ರ ತಲುಪದಿದ್ದರೆ, ಒಂದು ಗೌಪ್ಯ ವರದಿ ಲೆಕ್ಕಕ್ಕೆ ಸೇರದಿದ್ದರೆ ಅದನ್ನು ಗಮನಿಸಿ ಕೇಳುವವರು ಆ ಕೊಠಡಿಯಲ್ಲಿ ಯಾರೂ ಇರುವುದಿಲ್ಲ.

ಕೋರ್ಸುಗಳ ತೂಕ

ಸೇನೆಯಲ್ಲಿ ವಿದ್ಯಾಭ್ಯಾಸವೆಂದರೆ ಶಾಲೆ ಕಾಲೇಜುಗಳಲ್ಲಿ ಮುಗಿಯುವಂಥದ್ದಲ್ಲ. ‘ಬಿ’ ಮತ್ತು ‘ಡಿ’ ಭಾಗದ ಬಡ್ತಿ ಪರೀಕ್ಷೆಗಳು, ಜೂನಿಯರ್ ಕಮಾಂಡ್ ಕೋರ್ಸು, ಸ್ಪರ್ಧಾತ್ಮಕ ಪರೀಕ್ಷೆ ಬರೆದು ಪ್ರವೇಶ ಪಡೆಯಬೇಕಾದ ವೆಲ್ಲಿಂಗ್ಟನ್ನಿನ ಸ್ಟಾಫ್ ಕಾಲೇಜು, ಹೀಗೆ ಮೆಟ್ಟಿಲುಗಳು ಸಾಗುತ್ತವೆ. ಸ್ಟಾಫ್ ಕಾಲೇಜಿನ ಮಹತ್ವವನ್ನು ಕನ್ನಡ ನಾಡಿಗೆ ಹೇಳಿಕೊಡಬೇಕಾಗಿಲ್ಲ. ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು 1933ರಲ್ಲಿ ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಪ್ರವೇಶ ಪಡೆದ ಮೊದಲ ಭಾರತೀಯ ಅಧಿಕಾರಿ. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಭಾರತೀಯರೂ ಅವರೇ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. ಯೋಗ್ಯತೆ ಅವರದೇ, ನಿಜ. ಆದರೆ ಆ ಯೋಗ್ಯತೆಗೆ ದಾಖಲೆಯ ಮುದ್ರೆ ಬಿದ್ದದ್ದರಿಂದ ಮುಂದಿನ ಬಾಗಿಲುಗಳು ತೆರೆದವು ಎಂಬುದೂ ಅಷ್ಟೇ ನಿಜ.

ಅಂಥ ಮುದ್ರೆ ಕಾಣೆಯಾದರೆ ಅಥವಾ ಎರಡು ಕಡೆ ಎರಡು ರೀತಿ ಬಿದ್ದರೆ ಏನಾಗುತ್ತದೆ? ದೇಶಕ್ಕೆಲ್ಲ ತಿಳಿದ ಉದಾಹರಣೆಯೆಂದರೆ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣ.

ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದ ಕಥೆ

1965ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಗೆ ಸಲ್ಲಿಸಿದ ಅರ್ಜಿಯಲ್ಲಿ ಅವರ ಜನ್ಮದಿನ 1950ರ ಮೇ 10 ಎಂದಿತ್ತು. ಅರ್ಜಿ ತುಂಬಿದ್ದು ಶಾಲೆಯ ಶಿಕ್ಷಕರು ಎಂಬುದು ಅವರ ವಿವರಣೆ. ಅನಂತರ ದೊರೆತ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದಲ್ಲಿ ಇದ್ದದ್ದು 1951ರ ಮೇ 10. 1970ರಲ್ಲಿ ಅವರು ಸೇನೆಗೆ ಸೇರಿದರು. ಅಧಿಕಾರಿಗಳ ಮೂಲ ದಾಖಲೆಗಳನ್ನು ಕಾಯುವ ಅಡ್ಜುಟೆಂಟ್ ಜನರಲ್ ಶಾಖೆ ಪ್ರಮಾಣಪತ್ರವನ್ನು ನಂಬಿ 1951 ಎಂದು ಬರೆದುಕೊಂಡಿತು. ಬಡ್ತಿ ಮತ್ತು ವರ್ಗಾವಣೆ ನೋಡಿಕೊಳ್ಳುವ ಮಿಲಿಟರಿ ಕಾರ್ಯದರ್ಶಿ ಶಾಖೆಯಲ್ಲಿ 1950 ಎಂದೇ ಉಳಿಯಿತು. ಒಂದೇ ಸೇನೆಯ ಎರಡು ಶಾಖೆಗಳು ಒಬ್ಬನೇ ಅಧಿಕಾರಿಗೆ ಎರಡು ವಯಸ್ಸು ಕೊಟ್ಟು ಮೂರೂವರೆ ದಶಕ ಸುಮ್ಮನಿದ್ದವು. 2006ರಲ್ಲಿ ವಿಷಯ ಮೇಲೆದ್ದಿತು.

ಎರಡು ವರ್ಷಗಳ ನಂತರ, ಮೇಲಿನ ಹುದ್ದೆಯ ಪರಿಗಣನೆ ನಡೆಯುತ್ತಿದ್ದಾಗ, 1950ರ ದಿನಾಂಕವನ್ನು ಒಪ್ಪುವ ಪತ್ರಗಳನ್ನು ಅವರಿಂದ ಪಡೆಯಲಾಯಿತು. ಒತ್ತಡದಲ್ಲಿ ಕೊಟ್ಟದ್ದು ಎಂದು ಅವರು ನಂತರ ಹೇಳಿದರು. 2010ರ ಮಾರ್ಚ್ 31ರಂದು ಅವರು ಸೇನಾ ಮುಖ್ಯಸ್ಥರಾದರು. ಮೂರು ವರ್ಷ ಅಥವಾ 62ರ ವಯಸ್ಸು, ಯಾವುದು ಮೊದಲೋ ಅಲ್ಲಿಗೆ ಆ ಹುದ್ದೆಯ ಅವಧಿ ಮುಗಿಯುತ್ತದೆ. ಹಾಗಾಗಿ ಒಂದು ವರ್ಷದ ವ್ಯತ್ಯಾಸದಿಂದ ಸುಮಾರು ಹತ್ತು ತಿಂಗಳ ಅಧಿಕಾರಾವಧಿ ಪಣಕ್ಕೆ ಬಿದ್ದಿತ್ತು. ರಕ್ಷಣಾ ಸಚಿವಾಲಯ ಅವರ ಶಾಸನಬದ್ಧ ದೂರನ್ನು 2011ರ ಡಿಸೆಂಬರ್ 30ರಂದು ತಿರಸ್ಕರಿಸಿತು. ಹುದ್ದೆಯಲ್ಲಿದ್ದ ಸೇನಾ ಮುಖ್ಯಸ್ಥರೊಬ್ಬರು ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಅಪರೂಪದ ಸಂಗತಿ 2012ರ ಜನವರಿಯಲ್ಲಿ ಘಟಿಸಿತು. ಫೆಬ್ರವರಿ 10ರಂದು ನ್ಯಾಯಮೂರ್ತಿಗಳಾದ ಆರ್.ಎಂ. ಲೋಧಾ ಮತ್ತು ಎಚ್.ಎಲ್. ಗೋಖಲೆ ಅವರ ಪೀಠದ ಮುಂದೆ ಸರ್ಕಾರ ತನ್ನ ಡಿಸೆಂಬರ್ ಆದೇಶವನ್ನು ಹಿಂತೆಗೆದುಕೊಂಡಿತು. ಜನರಲ್ ಅವರು ಅರ್ಜಿ ಹಿಂತೆಗೆದುಕೊಂಡರು. ನಿಜವಾದ ಜನ್ಮದಿನ ಯಾವುದು ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿಲ್ಲ. ಸೇವಾ ದಾಖಲೆಯಲ್ಲಿ ಮಾನ್ಯವಾದ ದಿನಾಂಕ ಯಾವುದು ಎಂಬುದಷ್ಟೇ ಅದರ ಮುಂದಿದ್ದ ಪ್ರಶ್ನೆಯಾಗಿತ್ತು. ಅದರಂತೆ ಅವರು 2012ರ ಮೇ 31ರಂದು ನಿವೃತ್ತರಾದರು.

ಆ ಪ್ರಕರಣದಲ್ಲಿ ರಾಜಕೀಯದ ಗದ್ದಲ ಎಷ್ಟಿತ್ತೆಂದರೆ ಮೂಲ ಪಾಠ ಮರೆಯಾಯಿತು. ದಿನಾಂಕ ತಿದ್ದಲು ಅಧಿಕಾರಿಗೆ ಸೇವೆಗೆ ಸೇರಿದ ಎರಡು ವರ್ಷಗಳ ಗಡುವಿದೆ ಎಂದು ಸರ್ಕಾರ ವಾದಿಸಿತು. ಸರಿ, ಆದರೆ ತನ್ನದೇ ಎರಡು ಶಾಖೆಗಳ ದಾಖಲೆಗಳನ್ನು ಹೊಂದಿಸಲು ಸಂಸ್ಥೆಗೆ ಗಡುವು ಎಷ್ಟು? ಆ ಪ್ರಶ್ನೆಗೆ ನಿಯಮಾವಳಿಯಲ್ಲಿ ಉತ್ತರವಿರಲಿಲ್ಲ.

ಗಡುವಿನ ನಿಯಮ ಸೇನೆಗಷ್ಟೇ ಸೀಮಿತವಲ್ಲ. ಕರ್ನಾಟಕ ರಾಜ್ಯ ನೌಕರರ ವಯೋ ನಿರ್ಧಾರಣಾ ಕಾಯಿದೆ, 1974ರ ಪ್ರಕಾರ ಸೇವಾ ಪುಸ್ತಕದಲ್ಲಿ ವಯಸ್ಸು ದಾಖಲಾದ ಮೂರು ವರ್ಷಗಳೊಳಗೆ ತಿದ್ದುಪಡಿ ಕೋರಬೇಕು. ನಿವೃತ್ತಿಯ ಹೊಸ್ತಿಲಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಹಿಡಿದು ಬರುವವರನ್ನು ತಡೆಯಲು ಇಂಥ ನಿಯಮ ಬೇಕೇ ಬೇಕು. ಆಕ್ಷೇಪವಿರುವುದು ಗಡುವಿಗಲ್ಲ, ಅದು ಒಂದೇ ಕಡೆಗೆ ಕತ್ತರಿಸುವ ಕತ್ತಿಯಾಗಿರುವುದಕ್ಕೆ.

ಲೆಕ್ಕಕ್ಕೆ ಸೇರದ ವರದಿಗಳು

ಜನರಲ್ ಅವರದು ಒಬ್ಬರ ಪ್ರಕರಣ. ಮಹಿಳಾ ಅಧಿಕಾರಿಗಳದು ಒಂದು ಇಡೀ ವರ್ಗದ ಪ್ರಕರಣ. 1992ರಿಂದ ಮಹಿಳೆಯರನ್ನು ಸೇನೆಯ ಅಧಿಕಾರಿಗಳಾಗಿ ಅಲ್ಪಾವಧಿ ಸೇವೆಗೆ ತೆಗೆದುಕೊಳ್ಳಲಾಯಿತು. ಬಹುಪಾಲು ವಿಭಾಗಗಳಲ್ಲಿ ಕಾಯಂ ಕಮಿಷನ್ ಅವರಿಗೆ ನಿಲುಕದ್ದಾಗಿತ್ತು. 2020ರ ಫೆಬ್ರವರಿ 17ರಂದು ಬಬಿತಾ ಪುನಿಯಾ ಪ್ರಕರಣದ ತೀರ್ಪು ಆ ಬಾಗಿಲನ್ನು ತೆರೆಯಿತು. ಆಗ ಹಳೆಯ ಕಡತಗಳು ಹೊರಬಂದವು. ಭವಿಷ್ಯವೇ ಇಲ್ಲದ ಅಧಿಕಾರಿಯ ಗೌಪ್ಯ ವರದಿಯನ್ನು ಮೇಲಧಿಕಾರಿ ಎಷ್ಟು ಶ್ರದ್ಧೆಯಿಂದ ಬರೆದಾನು? ಕಾಯಂ ಆಗುವ ಅವಕಾಶವೇ ಇಲ್ಲದಾಗ, ಮುಂದಿನ ಹುದ್ದೆಗೆ ನೆರವಾಗುವ ಕೋರ್ಸುಗಳಿಗೆ ಅವರು ಯಾವ ಆಸೆಯಿಂದ ಹೋದಾರು? ಹಾಗೆ ಬರಿದಾಗಿ ಉಳಿದ ಅಂಕಣಗಳನ್ನೇ ಮುಂದಿಟ್ಟುಕೊಂಡು ಅವರನ್ನು ಅಳೆಯಲಾಯಿತು.

2021ರ ಮಾರ್ಚ್ 25ರಂದು ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಅಳತೆಗೋಲನ್ನು ಪರೋಕ್ಷ ತಾರತಮ್ಯವೆಂದು ಕರೆಯಿತು. ಐದನೆಯ ಅಥವಾ ಹತ್ತನೆಯ ವರ್ಷದವರೆಗಿನ ವರದಿಗಳನ್ನಷ್ಟೇ ನೋಡಿ, ಅನಂತರದ ಸೇವೆ ಮತ್ತು ಗೌರವಗಳನ್ನು ಕೈಬಿಟ್ಟದ್ದು ಸರಿಯಲ್ಲ ಎಂದಿತು. ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕರ್ನಲ್ ಬಡ್ತಿಗಾಗಿ ನಡೆದ ವಿಶೇಷ ಆಯ್ಕೆ ಮಂಡಳಿಯಲ್ಲಿ 2021ರ ಜೂನ್ ತಿಂಗಳನ್ನು ಕೊನೆಯ ಗಡಿಯಾಗಿಟ್ಟುಕೊಂಡು, ಅನಂತರದ ಗೌಪ್ಯ ವರದಿಗಳನ್ನು ಪರಿಗಣಿಸದೆ ಬಿಡಲಾಯಿತು. 2023ರ ನವೆಂಬರ್ 3ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಇದನ್ನು ಸ್ವೇಚ್ಛಾಚಾರದ ಕ್ರಮವೆಂದು ತಳ್ಳಿಹಾಕಿತು. ಹದಿನೈದು ದಿನಗಳೊಳಗೆ ಮಂಡಳಿಯನ್ನು ಮತ್ತೆ ಸೇರಿಸುವಂತೆ ಆದೇಶಿಸಿತು. ಸೇನೆಯ ನೀತಿಯ ಪ್ರಕಾರವೇ ಒಂಬತ್ತು ವರ್ಷ ಸೇವೆಯ ನಂತರದ ಎಲ್ಲ ವರದಿಗಳೂ ಲೆಕ್ಕಕ್ಕೆ ಬರಬೇಕಿತ್ತು ಎಂಬುದು ಗಮನಾರ್ಹ. ಕಡತದಲ್ಲಿ ಹಾಳೆ ಕಳೆದುಹೋಗುವುದಕ್ಕೂ, ಇರುವ ಹಾಳೆಯನ್ನು ಓದದೆ ಬಿಡುವುದಕ್ಕೂ ಅಧಿಕಾರಿಯ ಪಾಲಿಗೆ ವ್ಯತ್ಯಾಸವೇನೂ ಇಲ್ಲ.

ದೂರು ಕೊಡುವುದೆಲ್ಲಿ?

ಬಡ್ತಿ ತಪ್ಪಿದ ಅಧಿಕಾರಿ ಮೊದಲು 1950ರ ಸೇನಾ ಕಾಯಿದೆಯ 27ನೆಯ ಕಲಮಿನ ಅಡಿಯಲ್ಲಿ ಶಾಸನಬದ್ಧ ದೂರು ಸಲ್ಲಿಸಬೇಕು. ಅದು ತಿರಸ್ಕೃತವಾದರೆ 2007ರ ಕಾಯಿದೆಯಂತೆ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬೇಕು. ಅಂತಿಮ ಆದೇಶದ ದಿನದಿಂದ ಆರು ತಿಂಗಳೊಳಗೆ. 2009ರಲ್ಲಿ ನ್ಯಾಯಮಂಡಳಿ ಕೆಲಸ ಆರಂಭಿಸಿದಾಗ ದೆಹಲಿಯ ಪ್ರಧಾನ ಪೀಠವಲ್ಲದೆ ಚಂಡೀಗಡ, ಲಖನೌ, ಕೋಲ್ಕತ್ತ, ಗುವಾಹಟಿ, ಚೆನ್ನೈ, ಕೊಚ್ಚಿ, ಮುಂಬೈ ಮತ್ತು ಜೈಪುರಗಳಿಗೆ ಪ್ರಾದೇಶಿಕ ಪೀಠಗಳು ದೊರೆತವು. ಇಷ್ಟೊಂದು ಸೇನಾ ಕೇಂದ್ರಗಳಿರುವ ಬೆಂಗಳೂರಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ.

ಹೈಕೋರ್ಟಿನ ಬಾಗಿಲೂ ಕೆಲಕಾಲ ಅರೆಮುಚ್ಚಿತ್ತು. ನ್ಯಾಯಮಂಡಳಿಯ ಆದೇಶಗಳ ವಿರುದ್ಧ ಹೈಕೋರ್ಟುಗಳು ರಿಟ್ ಅರ್ಜಿ ಸ್ವೀಕರಿಸಬಾರದೆಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಶ್ರೀಕಾಂತ್ ಶರ್ಮಾ ಪ್ರಕರಣದಲ್ಲಿ ವ್ಯಕ್ತಪಡಿಸಿತ್ತು. 2023ರ ಮಾರ್ಚ್ 21ರ ಪರಶೋತ್ತಮ್ ದಾಸ್ ಪ್ರಕರಣದ ತೀರ್ಪು ಸಂವಿಧಾನದ 226ನೆಯ ವಿಧಿಯ ಅಧಿಕಾರ ಹೈಕೋರ್ಟುಗಳಿಗೆ ಉಳಿದಿದೆ ಎಂದು ಸ್ಪಷ್ಟಪಡಿಸಿತು. ಬೆಂಗಳೂರಿನ ಅಧಿಕಾರಿಗಳಿಗೆ ಇದು ಸಣ್ಣ ಸಮಾಧಾನವಲ್ಲ. ಆದರೂ ನ್ಯಾಯಮಂಡಳಿಯ ಹಂತವನ್ನು ದಾಟಿಯೇ ಅಲ್ಲಿಗೆ ಬರಬೇಕು. ಅಷ್ಟರಲ್ಲಿ ಕಾಲ ಓಡಿರುತ್ತದೆ. ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ ನಿವೃತ್ತರಾಗುವ ಸೇನೆಯಲ್ಲಿ ಎರಡು ವರ್ಷ ತಡವಾದ ನ್ಯಾಯವೆಂದರೆ ಬಹುಮಟ್ಟಿಗೆ ಪಿಂಚಣಿಯ ಲೆಕ್ಕವಷ್ಟೇ. ಕಳೆದುಹೋದ ನಾಯಕತ್ವದ ಅವಕಾಶವನ್ನು ಯಾವ ಆದೇಶವೂ ಮರಳಿಸದು.

ಇನ್ನೊಂದು ತೊಡಕೂ ಇದೆ. ನಾಗರಿಕ ಸೇವೆಯ ನೌಕರನಿಗೆ ಅವನ ವಾರ್ಷಿಕ ಗೌಪ್ಯ ವರದಿಯ ಪ್ರತಿಯೊಂದು ದರ್ಜೆಯನ್ನೂ ತಿಳಿಸಬೇಕೆಂದು ಸುಪ್ರೀಂ ಕೋರ್ಟ್ 2008ರ ದೇವ್ ದತ್ ಪ್ರಕರಣದಲ್ಲಿ ವಿಧಿಸಿತು. ಆದರೆ ಸೇನೆಯನ್ನು ಆ ನಿಯಮದಿಂದ ಹೊರಗಿಟ್ಟಿತು. ಏನಿದೆ ಎಂಬುದೇ ತಿಳಿಯದ ಕಡತದಲ್ಲಿ ಏನಿಲ್ಲ ಎಂಬುದನ್ನು ಹುಡುಕುವುದು ಹೇಗೆ?

ಅಮೆರಿಕದ ಸೇನೆಯಲ್ಲಿ ಇಂಥ ದೂರುಗಳಿಗಾಗಿಯೇ ಎರಡನೆಯ ಮಹಾಯುದ್ಧದ ನಂತರ, 1946ರ ಕಾನೂನಿನ ಬಲದಿಂದ, ದಾಖಲೆ ತಿದ್ದುಪಡಿ ಮಂಡಳಿಗಳು ರೂಪುಗೊಂಡವು. ಅವುಗಳಲ್ಲಿ ಕೂರುವವರು ನಾಗರಿಕರು. ಕೋರ್ಸು ಮುಗಿಸಿದ ದಾಖಲೆ ಇಲ್ಲದ ಕಾರಣ ಬಡ್ತಿ ತಪ್ಪಿದ್ದು ಸಾಬೀತಾದರೆ ವಿಶೇಷ ಆಯ್ಕೆ ಮಂಡಳಿ ಹಿಂದಿನ ವರ್ಷದ ಸ್ಥಿತಿಯನ್ನೇ ಮುಂದಿಟ್ಟುಕೊಂಡು ಮರುಪರಿಶೀಲಿಸುತ್ತದೆ. ಅಲ್ಲಿಯೂ ಒಂದು ಷರತ್ತಿದೆ: ಅಧಿಕಾರಿ ಸಾಮಾನ್ಯ ಎಚ್ಚರ ವಹಿಸಿದ್ದರೆ ತಪ್ಪನ್ನು ಮೊದಲೇ ಕಂಡು ಸರಿಪಡಿಸಬಹುದಿತ್ತು ಎಂದಾದರೆ ಪರಿಹಾರವಿಲ್ಲ. ಷರತ್ತು ಕಟುವಾದದ್ದೇ. ಆದರೆ ಅದು ನ್ಯಾಯವಾಗುವುದು ಅಧಿಕಾರಿಗೆ ತನ್ನ ಕಡತವನ್ನು ನೋಡುವ ಅವಕಾಶ ಇರುವುದರಿಂದ.

ಮಾಡಬೇಕಾದದ್ದೇನು?

ಸೇನೆಗೂ ತನ್ನ ಸಮಸ್ಯೆಗಳಿವೆ. ಹುದ್ದೆಗಳು ಮೇಲೆ ಹೋದಂತೆ ಕಿರಿದಾಗುತ್ತವೆ. ಪ್ರತಿ ಆಯ್ಕೆಯನ್ನೂ ಮತ್ತೆ ಮತ್ತೆ ಕೆದಕಿದರೆ ಆಜ್ಞಾಸರಣಿಯೇ ಅಲುಗುತ್ತದೆ. ಕಾರ್ಗಿಲ್ ಯುದ್ಧದ ನಂತರ ಕಿರಿಯ ವಯಸ್ಸಿನ ಕಮಾಂಡರುಗಳು ಬೇಕೆಂಬ ಒತ್ತಾಯದಿಂದಲೇ ಅಜಯ್ ವಿಕ್ರಮ್ ಸಿಂಗ್ ಸಮಿತಿ ನೇಮಕವಾಯಿತು. ಹೀಗಾಗಿ ಆಯ್ಕೆಗೆ ಅಂತಿಮತೆ ಬೇಕು ಎಂಬ ವಾದವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂತಿಮತೆಯ ಹಕ್ಕು ಸಿಗಬೇಕಾದದ್ದು ಪೂರ್ಣವಾದ ಕಡತದ ಮೇಲಿನ ತೀರ್ಮಾನಕ್ಕೆ ಮಾತ್ರ.

ಅದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ. ಮಂಡಳಿ ಸೇರುವ ಮುನ್ನ ಅಧಿಕಾರಿ ತನ್ನ ವಿವರಪತ್ರದ ಕೋರ್ಸು, ಪದಕ ಮತ್ತು ವರದಿಗಳ ಪಟ್ಟಿಯನ್ನು ನೋಡಿ ಸಹಿ ಹಾಕುವುದು ಔದಾರ್ಯವಾಗಿರದೆ ಹಕ್ಕಾಗಬೇಕು. ಅಂಕಗಳನ್ನು ತೋರಿಸಬೇಕಾಗಿಲ್ಲ, ಯಾವ ಹಾಳೆಗಳಿವೆ ಎಂದು ತೋರಿಸಿದರೆ ಸಾಕು. ಸಹಿ ಹಾಕಿದ ಮೇಲೆ ತಪ್ಪು ಉಳಿದರೆ ಹೊಣೆ ಅಧಿಕಾರಿಯದು. ತೋರಿಸದೆ ಹೋದರೆ ಅಥವಾ ಸಂಸ್ಥೆಯ ವಶದಲ್ಲಿದ್ದ ದಾಖಲೆಯೇ ಕಳೆದರೆ ಹೊಣೆ ಸಂಸ್ಥೆಯದು; ಸಂಶಯದ ಲಾಭ ಅಧಿಕಾರಿಗೆ ಸಲ್ಲಬೇಕು. ದೂರಿಗೆ ಗಡುವಿರುವಂತೆ ದೂರಿನ ಇತ್ಯರ್ಥಕ್ಕೂ ಗಡುವಿರಬೇಕು. ಜೊತೆಗೆ ನ್ಯಾಯಮಂಡಳಿಯ ಕಲಾಪ ಬೆಂಗಳೂರಿನಲ್ಲಿಯೇ ನಿಯತವಾಗಿ ನಡೆಯುವಂತಾಗಬೇಕು.

ಹೆಸರು ಮರೆಮಾಚಿದ ಹಾಳೆಯ ಮೇಲೆ ಭವಿಷ್ಯವನ್ನು ಒಪ್ಪಿಸುವ ಅಧಿಕಾರಿ ವ್ಯವಸ್ಥೆಯ ಮೇಲೆ ದೊಡ್ಡ ನಂಬಿಕೆಯನ್ನೇ ಇಡುತ್ತಾನೆ. ಆ ಹಾಳೆಯಲ್ಲಿ ಇರಬೇಕಾದದ್ದೆಲ್ಲ ಇದೆಯೇ ಎಂದು ಖಚಿತಪಡಿಸುವುದು ವ್ಯವಸ್ಥೆ ಅವನಿಗೆ ತೀರಿಸಬೇಕಾದ ಕನಿಷ್ಠ ಋಣ.